ಸೆರೆಮನೆಯ ಹೆಣ್ಣುಮಕ್ಕಳು: ಮೂರು ಭಾಷೆಯ ಫಲಕ, ನಾಲ್ಕನೆಯ ಭಾಷೆಯ ಕೈದಿ

ಮುಂಬೈಯಿಂದ ಬಂದ ಪತ್ರ

1982ರ ಮೇ ತಿಂಗಳಲ್ಲಿ ಪತ್ರಕರ್ತೆ ಶೀಲಾ ಬರ್ಸೆ ಮುಂಬೈ ಸೆಂಟ್ರಲ್ ಜೈಲಿನ 15 ಮಹಿಳಾ ಕೈದಿಗಳನ್ನು ಮಾತಾಡಿಸಿದರು. ಲಾಕಪ್ಪಿನಲ್ಲಿ ಪೊಲೀಸರು ನಮ್ಮ ಮೇಲೆ ಕೈ ಮಾಡಿದರು ಎಂದು ಅವರಲ್ಲಿ ಐವರು ಹೇಳಿದರು. ಬರ್ಸೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ತೆಗೆದುಕೊಂಡು 1983ರಲ್ಲಿ ತೀರ್ಪಿತ್ತಿತು. ಹೆಣ್ಣುಮಕ್ಕಳ ಲಾಕಪ್ಪಿಗೆ ಮಹಿಳಾ ಪೇದೆಯರ ಕಾವಲಿರಬೇಕು, ವಿಚಾರಣೆ ಮಹಿಳಾ ಪೊಲೀಸರ ಎದುರಿನಲ್ಲೇ ನಡೆಯಬೇಕು ಎಂದಿತು. ಬಂಧಿತರ ಹಕ್ಕುಗಳನ್ನು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ಪ್ರತಿ ಲಾಕಪ್ ಕೋಣೆಯಲ್ಲೂ ಅಂಟಿಸಬೇಕು, ಮೂರರಲ್ಲಿ ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕು ಎಂದೂ ಆದೇಶಿಸಿತು.

ಮಹಾರಾಷ್ಟ್ರದೊಳಗಿನ ಜತ್ತ ತಾಲೂಕಿನ ಕನ್ನಡದ ಊರು ಮಾಡಗ್ಯಾಳ. ಕುರಿ ಕಾಯುತ್ತ, ಹೊಲ ಗೇಯುತ್ತ, ಮನೆಯಲ್ಲೂ ಸಂತೆಯಲ್ಲೂ ಕನ್ನಡವನ್ನೇ ಆಡಿ ಬೆಳೆದ ಹೆಣ್ಣುಮಗಳಿಗೆ ಆ ಮೂರರಲ್ಲಿ ಯಾವುದು ತನ್ನದು? ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಅದರಲ್ಲಿ ಏನಿದೆ ಎಂದು ಅವಳಿಗೆ ಯಾರಾದರೂ ಕನ್ನಡದಲ್ಲಿ ಹೇಳಲೇಬೇಕು. ನನ್ನ ಮಟ್ಟಿಗೆ ಉಳಿದೆಲ್ಲ ಹಕ್ಕಿಗೂ ಇದೇ ಬಾಗಿಲು.

ಬೆಂಗಳೂರು, 1976

ಭಾಷೆ, ಓದು, ಹೆಸರು ಎಲ್ಲ ಇದ್ದವರೂ ಜೈಲಿನಲ್ಲಿ ಸೋತಿದ್ದಾರೆ. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯಾಗಿದ್ದ ನಟಿ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ 1976ರ ಮೇ 2ರಂದು ಬಂಧಿತರಾಗಿ ಬೆಂಗಳೂರು ಸೆಂಟ್ರಲ್ ಜೈಲು ಸೇರಿದರು. ಅವರಿಗೆ ಹಳೆಯ ಉಬ್ಬಸ. ಒಂಟಿ ಕೋಣೆಯಲ್ಲಿ ಅದು ಕೆರಳಿತು. ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಅದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ, ರಾತ್ರಿಯ ನಿಶ್ಶಬ್ದದಲ್ಲಿ ಅವರ ಚೀರಾಟ ಕೇಳಿಸುತ್ತಿತ್ತು ಎಂದು ನೆನೆದಿದ್ದಾರೆ. ಅಷ್ಟು ನರಳಾಟದಲ್ಲೂ ಸ್ನೇಹಲತಾ ಇತರ ಮಹಿಳಾ ಕೈದಿಗಳಿಗೆ ಬೀಳುತ್ತಿದ್ದ ಹೊಡೆತದ ವಿರುದ್ಧ ನಿಂತರು. 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು. ಐದೇ ದಿನ; 20ರಂದು ತೀರಿಕೊಂಡರು. ಆ ಜೈಲು ಇದ್ದ ಜಾಗ ಇಂದು ಫ್ರೀಡಂ ಪಾರ್ಕ್.

ತಾಯಿಯೊಂದಿಗೆ ಮಗು

ಆರು ವರ್ಷದವರೆಗೆ ಮಗು ತಾಯಿಯ ಜೊತೆ ಜೈಲಿನಲ್ಲಿರಬಹುದು. ಜೈಲಿನಲ್ಲಿ ಹುಟ್ಟಿದ ಮಗುವಿನ ಜನನ ಪತ್ರದಲ್ಲಿ ಹುಟ್ಟಿದ ಸ್ಥಳ ಜೈಲು ಎಂದು ಬರೆಯಕೂಡದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಆ ಒಂದು ಸಾಲು ಮಗುವಿನ ಬೆನ್ನಿಗೆ ಜೀವಮಾನವಿಡೀ ಅಂಟಿಕೊಳ್ಳುತ್ತಿತ್ತು.

ಮನೆಯವರು ತಿಳಿದಿರಬೇಕಾದದ್ದು

ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ತಂದಿರಬೇಕು. ಮೈ ತಪಾಸಣೆ ಮಾಡುವವರು ಹೆಂಗಸರೇ ಆಗಿರಬೇಕು. ಸಾಕ್ಷಿಗಳ ಮಾತು ಆರೋಪಿಗೆ ತಿಳಿಯದ ಭಾಷೆಯಲ್ಲಿದ್ದರೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಜತ್ತ ಕೋರ್ಟಿನಲ್ಲಿ ಕನ್ನಡದಲ್ಲಿ ಹೇಳಿ ಎಂದು ಕೇಳುವುದು ಹಕ್ಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಅದಕ್ಕೆ ಕರೆ ಮಾಡಬೇಕಾದ ಸಂಖ್ಯೆ 15100. ಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.