ವಿದ್ಯಾರ್ಥಿಯ ಹೆಸರು ಮೊದಲು

ಗ್ರಹಗಳ ಕುರಿತು ಹೊಸ ಸಂಗತಿಯೊಂದು ಪತ್ರಿಕೆಯಲ್ಲಿ ಬಂದಾಗ ನಾವು ಗಮನಿಸುವುದು ಪ್ರಾಧ್ಯಾಪಕರ ಹೆಸರನ್ನು. ಅದರ ಲೆಕ್ಕ ಹಾಕಿದವನು ಅನೇಕ ಸಲ ಒಬ್ಬ ವಿದ್ಯಾರ್ಥಿ ಎಂಬುದು ನಮಗೆ ತಿಳಿಯುವುದೇ ಇಲ್ಲ.

1961ರಲ್ಲಿ ಮೈಕೆಲ್ ಮಿನೋವಿಚ್ ಎಂಬ ವಿದ್ಯಾರ್ಥಿ ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯಕ್ಕೆ ಬೇಸಿಗೆಯ ಕೆಲಸಕ್ಕೆಂದು ಬಂದ. ಒಂದು ಗ್ರಹದ ಸೆಳೆತವನ್ನೇ ಬಳಸಿಕೊಂಡು ನೌಕೆಯನ್ನು ಮತ್ತೊಂದು ಗ್ರಹದತ್ತ ಕಳಿಸುವ ದಾರಿಗಳನ್ನು ಲೆಕ್ಕ ಹಾಕಿದ. 1965ರಲ್ಲಿ ಅಲ್ಲಿಯೇ ಗ್ಯಾರಿ ಫ್ಲಾಂಡ್ರೊ ಎಂಬ ಇನ್ನೊಬ್ಬ ಸಂಶೋಧನಾ ವಿದ್ಯಾರ್ಥಿ ಒಂದು ಸಂಗತಿ ಗುರುತಿಸಿದ. ಗುರು, ಶನಿ, ಯುರೇನಸ್, ನೆಪ್ಚೂನ್ ನಾಲ್ಕೂ 1970ರ ದಶಕದ ಕೊನೆಗೆ ಸೂರ್ಯನ ಒಂದೇ ಬದಿಗೆ ಬರಲಿದ್ದವು. ಇದು ಸುಮಾರು 175 ವರ್ಷಗಳಿಗೊಮ್ಮೆ ಒದಗುವ ಅವಕಾಶ. ನೇರವಾಗಿ ಹೋದರೆ ಮೂವತ್ತು ವರ್ಷ ಹಿಡಿಯುವ ನೆಪ್ಚೂನನ್ನು 1977ರಲ್ಲಿ ಹೊರಟ ವಾಯೇಜರ್-2 ಹನ್ನೆರಡೇ ವರ್ಷಗಳಲ್ಲಿ, 1989ರಲ್ಲಿ, ತಲುಪಿತು. ಈ ಉಪಾಯದ ಶ್ರೇಯ ಯಾರಿಗೆ ಎಷ್ಟು ಸಲ್ಲಬೇಕೆಂಬ ವಾದ ಮಾತ್ರ ದಶಕಗಳಾದರೂ ಮುಗಿಯಲಿಲ್ಲ.

ವಾಯೇಜರ್ ಹಾರುತ್ತಿದ್ದ ಕಾಲದಲ್ಲಿ ಕೆಳಗೆ ಬರಗಾಲ. 1978ರ ಬಳಿಕ 1989ರ ಮೆಗೆಲನ್‌ವರೆಗೆ ಅಮೆರಿಕ ಹೊಸದಾಗಿ ಒಂದು ಗ್ರಹನೌಕೆಯನ್ನೂ ಕಳಿಸಲಿಲ್ಲ. ನೌಕೆಯೇ ಹೊರಡದಿದ್ದರೆ ಯಾವ ತರುಣ ಆ ವಿಷಯ ಆರಿಸಿಕೊಂಡಾನು? ಈ ಹಿನ್ನೆಲೆಯಲ್ಲಿ ನೋಡಿದಾಗ 1991ರಲ್ಲಿ ಸ್ಟೀಫನ್ ಡ್ವೋರ್ನಿಕ್ ಆರಂಭಿಸಿದ ವಿದ್ಯಾರ್ಥಿ ಪ್ರಬಂಧ ಪ್ರಶಸ್ತಿಯ ಬೆಲೆ ನಮಗೆ ಅರ್ಥವಾಗುತ್ತದೆ. ನಾಸಾದ ಕೇಂದ್ರ ಕಚೇರಿಯಲ್ಲಿ ಗ್ರಹಗಳ ಭೂವಿಜ್ಞಾನ ಕಾರ್ಯಕ್ರಮ ನೋಡಿಕೊಂಡಿದ್ದ ಅವರಿಗೆ ಈ ಕ್ಷೇತ್ರದ ಏಳುಬೀಳು ಹೊಸದಲ್ಲ.

ಹೂಸ್ಟನ್ ಪ್ರದೇಶದಲ್ಲಿ ಪ್ರತಿವರ್ಷ ನಡೆಯುವ ಚಂದ್ರ ಮತ್ತು ಗ್ರಹವಿಜ್ಞಾನ ಸಮ್ಮೇಳನವೇ ಸ್ಪರ್ಧೆಯ ಕಣ. ಭಾಷಣಕ್ಕೂ ಭಿತ್ತಿಪತ್ರಕ್ಕೂ ಬಹುಮಾನವುಂಟು. ನಮಗೆ ಮುಖ್ಯವೆನಿಸಿದ್ದು ಅದರ ಒಂದು ನಿಯಮ: ಲೇಖಕರ ಪಟ್ಟಿಯಲ್ಲಿ ವಿದ್ಯಾರ್ಥಿಯ ಹೆಸರೇ ಮೊದಲು ಇರಬೇಕು. ಮಾರ್ಗದರ್ಶಿಗಳ ಹೆಸರು ಆಮೇಲೆ. ಮಾರ್ಗದರ್ಶಿಯ ಹೆಸರಿನ ಹಿಂದೆ ವರ್ಷಗಟ್ಟಲೆ ನಿಂತವರಿಗೆ ಈ ಸಣ್ಣ ಬದಲಾವಣೆ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಆಕ್ಷೇಪ ನಮ್ಮದೂ ಇದೆ. ಈ ಪ್ರಶಸ್ತಿ ಹುಟ್ಟಿದ್ದು ಅಮೆರಿಕದ ವಿದ್ಯಾರ್ಥಿಗಳಿಗಾಗಿ. ಆದರೆ ಇದೇ ಸಮ್ಮೇಳನದ ಮೂಲವಾದ 1970ರ ಜನವರಿಯ ಸಭೆಯಲ್ಲಿ ಅಪೊಲೊ-11 ತಂದ ಸುಮಾರು 22 ಕಿಲೋ ಕಲ್ಲುಮಣ್ಣಿನ ಪರೀಕ್ಷೆಯ ಫಲಿತಾಂಶ ಮಂಡಿಸಿದವರಲ್ಲಿ ಹಲವು ದೇಶಗಳ ವಿಜ್ಞಾನಿಗಳಿದ್ದರು. ಕಲ್ಲನ್ನು ಹಂಚಿಕೊಂಡವರು ಬಹುಮಾನಕ್ಕೇಕೆ ಗಡಿ ಹಾಕಬೇಕಿತ್ತು?

ಅಂತರರಾಷ್ಟ್ರೀಯ ಉಲ್ಕಾವಿಜ್ಞಾನ ಸಂಘವೂ ಸೇರಿ ಕೊಡುವ ಪೆಲ್ಲಾಸ್-ರೈಡರ್ ಪ್ರಶಸ್ತಿ ಪ್ರಕಟಿತ ಪ್ರಬಂಧಕ್ಕೆ ಮೀಸಲು. ಅಲ್ಲಿಯೂ ವಿದ್ಯಾರ್ಥಿಯೇ ಮೊದಲ ಲೇಖಕ. ಅದರ ಹೆಸರಿನಲ್ಲಿರುವ ಇಬ್ಬರಲ್ಲಿ 1997ರಲ್ಲಿ ತೀರಿಕೊಂಡ ಪಾಲ್ ಪೆಲ್ಲಾಸ್ ಪ್ಯಾರಿಸಿನಲ್ಲಿ ಉಲ್ಕಾಶಿಲೆಗಳನ್ನು ಅಭ್ಯಸಿಸಿದವರು. 2002ರಲ್ಲಿ ತೀರಿಕೊಂಡ ಗ್ರಹಾಂ ರೈಡರ್ ಬ್ರಿಟನ್ನಿನಲ್ಲಿ ಹುಟ್ಟಿ ಹೂಸ್ಟನ್‌ನಲ್ಲಿ ಚಂದ್ರಶಿಲೆಗಳೊಂದಿಗೆ ಬಾಳಿದವರು.