ಸಾಮಾಜಿಕ ಲಾಗಿನ್

ವೆಬ್ ಅಪ್ಲಿಕೇಶನ್ ಒಂದು ಹೊಸ ಪಾಸ್‌ವರ್ಡ್ ಕೇಳದೆ, ಫೇಸ್‌ಬುಕ್, ಗೂಗಲ್‌ನಂಥ ಕಡೆ ಬಳಕೆದಾರರಿಗೆ ಈಗಾಗಲೇ ಇರುವ ಖಾತೆಯನ್ನೇ ನಂಬಿ ಒಳಗೆ ಬಿಟ್ಟುಕೊಳ್ಳುವ ಪದ್ಧತಿ. 'ಸೋಶಿಯಲ್ ಲಾಗಿನ್' ಎಂಬ ಹೆಸರೇ ರೂಢಿಯಲ್ಲಿದೆ. ಇದರ ಚರಿತ್ರೆ ಹೇಳುವಾಗ ಎರಡು ತೊಡಕು ಮತ್ತೆ ಮತ್ತೆ ಕಾಣುತ್ತವೆ. ಓಆತ್ ಮತ್ತು ಓಪನ್‌ಐಡಿ ಎಂಬ ಎರಡು ತಾಂತ್ರಿಕ ಮಾನದಂಡಗಳನ್ನು ಒಂದೇ ಎಂದು ಬರೆಯುವುದು ಮೊದಲನೆಯದು. ಕ್ಯಾಲಿಫೋರ್ನಿಯಾದ ಕಂಪನಿಗಳ ಕಥೆಯನ್ನೇ ಎಲ್ಲ ಊರಿನ ಕಥೆ ಎಂದು ಎಣಿಸುವುದು ಎರಡನೆಯದು. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳನ್ನು ನೋಡಿದರೆ ಬಾಗಿಲು ತೆರೆದದ್ದು ಬೇರೆ ಕೀಲಿಯಿಂದ.

ಆರಂಭ

ಮೈಕ್ರೋಸಾಫ್ಟ್ 1999ರಲ್ಲಿ ತಂದ ಪಾಸ್‌ಪೋರ್ಟ್ ಸೇವೆ ಹಲವು ತಾಣಗಳಿಗೆ ಒಂದೇ ಕೀಲಿ ಕೊಡಲು ಹೊರಟಿತು. ಕೀಲಿಗೊಂಚಲು ಒಂದೇ ಕಂಪನಿಯ ಸೊಂಟದಲ್ಲಿರುವುದಕ್ಕೆ ಆಕ್ಷೇಪ ಎದ್ದಿತು. 2005ರಲ್ಲಿ ಬ್ಲಾಗ್ ತಾಣ ಲೈವ್‌ಜರ್ನಲ್‌ನ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ರೂಪಿಸಿದ ಓಪನ್‌ಐಡಿಯಲ್ಲಿ ಒಡೆಯನೇ ಇರಲಿಲ್ಲ. ಆದರೆ ಹೆಸರಿನ ಜಾಗದಲ್ಲಿ ಜಾಲವಿಳಾಸ ಟೈಪ್ ಮಾಡುವ ಅಭ್ಯಾಸ ಜನಸಾಮಾನ್ಯರಿಗೆ ಹತ್ತಲಿಲ್ಲ. ಫೇಸ್‌ಬುಕ್ ಕನೆಕ್ಟ್ 2008ರ ಮೇ ತಿಂಗಳಲ್ಲಿ ಪ್ರಕಟವಾಗಿ ಡಿಸೆಂಬರ್‌ನಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಟ್ವಿಟರ್ ಲಾಗಿನ್ ಬಟನ್ 2009ರ ಏಪ್ರಿಲ್‌ನಲ್ಲಿ ಬಂತು. ಆಪಲ್ ಈ ಸಾಲಿಗೆ ಸೇರಿದ್ದು 2019ರಲ್ಲಿ.

ಚೀಟಿಯೋ ಗುರುತೋ

ಓಆತ್‌ನ ಮೊದಲ ಆವೃತ್ತಿ 2007ರ ಡಿಸೆಂಬರ್‌ನಲ್ಲಿ ಸಿದ್ಧವಾಯಿತು. ಅದು ಹುಟ್ಟಿದ್ದು ಲಾಗಿನ್‌ಗಾಗಿ ಅಲ್ಲ. ಒಂದು ತಾಣದಲ್ಲಿರುವ ನನ್ನ ಫೋಟೋ, ಸಂಪರ್ಕಗಳನ್ನು ಇನ್ನೊಂದು ತಾಣ ಪಾಸ್‌ವರ್ಡ್ ಇಲ್ಲದೆ ತೆಗೆದುಕೊಳ್ಳಲು ಅನುಮತಿ ಕೊಡುವುದಕ್ಕಾಗಿ. 'ಈ ಚೀಟಿ ತಂದವರ ಕೈಗೆ ಎರಡು ಚೀಲ ಭತ್ತ ಕೊಟ್ಟು ಕಳಿಸಿ' ಎಂದು ಹಾನಗಲ್ಲಿನ ರೈತನೊಬ್ಬ ಬರೆದುಕೊಟ್ಟರೆ ಗೋದಾಮಿನವನು ಚೀಲ ಕೊಡಬಹುದು. ಹಾಗೆಂದು ಚೀಟಿ ತಂದವನೇ ಆ ರೈತ ಎನ್ನಲಾಗದು. ವರ್ಷಗಟ್ಟಲೆ ಪ್ರೋಗ್ರಾಮರ್‌ಗಳು ಮಾಡಿದ ತಪ್ಪು ಇದೇ: ಚೀಟಿಯನ್ನು ಗುರುತಿನ ಪತ್ರವೆಂದು ಓದಿದರು.

2009ರ ಏಪ್ರಿಲ್‌ನಲ್ಲಿ ಮೊದಲ ಆವೃತ್ತಿಯ ಒಂದು ಬಿರುಕು ಬಯಲಾಯಿತು. ವಂಚಕ ತಾನೇ ಲಾಗಿನ್ ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, ಆ ಕೊಂಡಿಯನ್ನು ಬೇರೊಬ್ಬರಿಗೆ ಕಳಿಸಬಹುದಿತ್ತು. ಅವರು 'ಒಪ್ಪಿಗೆ' ಒತ್ತಿದರೆ ಅವರ ಖಾತೆಯ ಅನುಮತಿ ಇವನ ಕೈಗೆ. 1.0ಎ ಎಂಬ ತಿದ್ದುಪಡಿ ಅದನ್ನು ಮುಚ್ಚಿತು. 2012ರ ಜುಲೈನಲ್ಲಿ ಓಆತ್ 2.0ರ ಮುಖ್ಯ ಸಂಪಾದಕ ಎರಾನ್ ಹ್ಯಾಮರ್ ಕರಡಿನಿಂದ ತಮ್ಮ ಹೆಸರನ್ನೇ ತೆಗೆಸಿ ಹೊರನಡೆದರು. ಅಕ್ಟೋಬರ್‌ನಲ್ಲಿ ಅದು ಆರ್‌ಎಫ್‌ಸಿ 6749 ಆಗಿ ಹೊರಬಂತು. ಒಂದು ಆ್ಯಪ್ ಪಡೆದ ಚೀಟಿಯನ್ನು, ಅಂದರೆ ಟೋಕನನ್ನು, ಇನ್ನೊಂದಕ್ಕೆ ತೋರಿಸಿ ಬೇರೆಯವರಾಗಿ ನುಗ್ಗುವ ದಾರಿ ಆಗಲೂ ಉಳಿದಿತ್ತು. 2014ರ ಫೆಬ್ರವರಿ 26ರಂದು ಅಂಗೀಕಾರವಾದ ಓಪನ್‌ಐಡಿ ಕನೆಕ್ಟ್, ಚೀಟಿಯ ಜೊತೆಗೆ ಸಹಿ ಇರುವ ಪ್ರತ್ಯೇಕ ಗುರುತಿನ ಟೋಕನ್ ಕೊಟ್ಟಿತು. ಅದು ಯಾವ ಆ್ಯಪ್‌ಗಾಗಿ ಎಂಬುದನ್ನೂ ಅದರೊಳಗೇ ಬರೆಯಿತು. ತಿರುವು ಯಾವುದೆಂದರೆ ಹೆಚ್ಚಿನವರು 2008ನ್ನು ತೋರಿಸುತ್ತಾರೆ. 2014 ಎನ್ನುವುದೇ ಸರಿ.

ಬಟನ್ ಕೂರಿಸುವವರು ಎಡವುವ ಜಾಗವೂ ಈ ಟೋಕನ್ನಿನಲ್ಲೇ ಇದೆ. 'ಸಬ್' ಎಂಬ ಅಂಕಣದಲ್ಲಿ ಬರುವ ಗುರುತು ಆ ಖಾತೆಗೆ ಸ್ಥಿರ, ಇಮೇಲ್ ಬದಲಾಗಬಹುದು. ಆದರೂ ಇಮೇಲ್ ನೋಡಿಯೇ ಹಳೆಯ ಖಾತೆಗೆ ಜೋಡಿಸುವವರು ಹಲವರು. ಫೋನ್ ಸಂಖ್ಯೆಯಿಂದಲೇ ಫೇಸ್‌ಬುಕ್ ಸೇರಿದವರಿಗೆ ಇಮೇಲ್ ಅಂಕಣ ಖಾಲಿ ಬರುತ್ತದೆ, ಪ್ರೋಗ್ರಾಮ್ ಅಲ್ಲೇ ಕೈಚೆಲ್ಲುತ್ತದೆ.

ಕರ್ನಾಟಕದ ದಾಖಲೆ

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೂ ವಿಕ್ಷನರಿಗೂ ಮೊದಲು ಬೇರೆ ಬೇರೆ ಖಾತೆ ಬೇಕಿತ್ತು. ವಿಕಿಮೀಡಿಯ 2008ರಿಂದ ಏಕೀಕೃತ ಲಾಗಿನ್ ತಂದು 2015ರ ಏಪ್ರಿಲ್‌ನಲ್ಲಿ ಮುಗಿಸಿತು. ಹೊರಗಿನ ಕಂಪನಿಗಳ ಬಟನ್‌ಗೆ ಅಲ್ಲಿ ಜಾಗ ಸಿಗಲಿಲ್ಲ.

ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳ ಕಚೇರಿಗಳಿಗೆ ಲಾಗಿನ್ ಎಂಬುದು ಗಟ್ಟಿಯಾಗಿ ಬಂದದ್ದು ಭೂಮಿ ಯೋಜನೆಯೊಂದಿಗೆ. ಶತಮಾನದ ತಿರುವಿನಲ್ಲಿ ರಾಜ್ಯದ ಆಗಿನ 177 ತಾಲ್ಲೂಕುಗಳಲ್ಲೂ ಪಹಣಿ, ಈ ಕಡೆಯವರ ಮಾತಿನಲ್ಲಿ ಉತಾರ, ಕಂಪ್ಯೂಟರ್ ಸೇರಿ 15 ರೂಪಾಯಿಗೆ ಕೈಗೆ ಸಿಗತೊಡಗಿತು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಹೋಗಬೇಕಿತ್ತು. 'ನಾನು ಮಾಡಿಲ್ಲ' ಎಂದು ಆಮೇಲೆ ಜಾರಿಕೊಳ್ಳುವಂತಿರಲಿಲ್ಲ. ಇದು ಸಾಮಾಜಿಕ ಲಾಗಿನ್ ಅಲ್ಲ, ಆದರೆ ಪಾಸ್‌ವರ್ಡ್ ಒಂದನ್ನೇ ನಂಬದ ಮೊದಲ ಪಾಠ.

2016ರ ಬಳಿಕ ಅಗ್ಗದ ಡೇಟಾ ಹಳ್ಳಿಗೆ ಬಂದಾಗ ಗೆದ್ದದ್ದು ಒಟಿಪಿ. ಟ್ವಿಟರ್ 2014ರಲ್ಲಿ ತಂದಿದ್ದ ಡಿಜಿಟ್ಸ್ ಎಂಬ ಫೋನ್ ಲಾಗಿನ್ 2017ರಲ್ಲಿ ಗೂಗಲ್‌ನ ಫೈರ್‌ಬೇಸ್ ಸೇರಿತು. ಸಾಮಾಜಿಕ ಜಾಲದ ಕಂಪನಿಯೇ ಫೋನ್ ಸಂಖ್ಯೆಗೆ ಶರಣಾದಂತೆ. ಆಧಾರ್ ಖಾಸಗಿ ಲಾಗಿನ್ ಬಟನ್ ಆಗುವ ಸಾಧ್ಯತೆಗೆ 2018ರ ಸೆಪ್ಟೆಂಬರ್ 26ರ ಸುಪ್ರೀಂ ಕೋರ್ಟ್ ತೀರ್ಪು ತಡೆಯೊಡ್ಡಿತು. ಆ ಪ್ರಕರಣದ ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಸರ್ಕಾರ ಮಾತ್ರ ತನ್ನದೇ ಬಟನ್ ಕಟ್ಟಿಕೊಂಡಿತು. 2015ರಲ್ಲಿ ಆರಂಭವಾದ ಡಿಜಿಲಾಕರ್ ಈಗ ರಾಜ್ಯದ ಸೇವಾಸಿಂಧು ಜಾಲತಾಣದ ನೋಂದಣಿಯಲ್ಲಿ ಗುರುತು ಹೇಳುವ ಹೊರಗಿನ ಸಾಕ್ಷಿ: ಸೇವಾಸಿಂಧು ಅರ್ಜಿದಾರರನ್ನು ಅಲ್ಲಿಗೆ ಕಳಿಸಿ, ಒಪ್ಪಿಗೆ ಪಡೆದು, ಮರಳಿ ಕರೆತರುತ್ತದೆ. ವಿಧಾನ ಗೂಗಲ್ ಬಟನ್ನಿನದೇ. ಕೇಂದ್ರದ ಏಕೀಕೃತ ಲಾಗಿನ್ 'ಮೇರಿ ಪೆಹಚಾನ್' 2022ರ ಜುಲೈನಲ್ಲಿ ಬಂತು. ಅದೇ ವರ್ಷದ ಜನವರಿ 26ರಂದು ಆಗ ಮುಖ್ಯಮಂತ್ರಿಯೂ ಶಿಗ್ಗಾಂವಿ ಶಾಸಕರೂ ಆಗಿದ್ದ ಬಸವರಾಜ ಬೊಮ್ಮಾಯಿ 12 ಜಿಲ್ಲೆಗಳಲ್ಲಿ ಗ್ರಾಮ ಒನ್ ಸೇವಾ ಕೇಂದ್ರಗಳನ್ನು ಉದ್ಘಾಟಿಸಿದ್ದರು. ಇಂಥ ಕೇಂದ್ರಗಳ ಕೌಂಟರಿನಲ್ಲಿ ಲಾಗಿನ್ ಎಂದರೆ 'ಒಟಿಪಿ ಬಂತೇನ್ರೀ? ಹೇಳ್ರಿ' ಎಂಬ ಮಾತು. ಆಧಾರ್‌ಗೆ ಜೋಡಿಸಿದ ಸಂಖ್ಯೆ ಹುಬ್ಬಳ್ಳಿಯಲ್ಲಿ ದುಡಿಯುವ ಮಗನದಾದರೆ, ಅವನು ಫೋನ್ ಎತ್ತಿ ಆರು ಅಂಕಿ ಹೇಳುವವರೆಗೆ ಅರ್ಜಿ ಮುಂದೆ ಹೋಗದು.

ಮೊಬೈಲ್ ಸಂಖ್ಯೆ 'ಸಬ್' ಅಂಕಣದಂತೆ ಸ್ಥಿರವೂ ಅಲ್ಲ. ಭಾರತದಲ್ಲಿ ನಿಂತುಹೋದ ಸಂಖ್ಯೆಯನ್ನು ಕನಿಷ್ಠ 90 ದಿನ ಯಾರಿಗೂ ಕೊಡುವುದಿಲ್ಲ. ಅನಂತರ ಅದು ಹೊಸ ಗ್ರಾಹಕರ ಪಾಲಾಗಬಹುದು.