ಹೊಲಿಗೆ ಮೆಷಿನ್ನಿನ ತಂಗಿ

ಹೊಲಿಗೆ ಮೆಷಿನ್ನಿಗೂ ಗರಗಸಕ್ಕೂ ನೆಂಟಸ್ತನ ಇದೆ ಅಂದ್ರೆ ನಂಬ್ತೀರಾ? ನಮ್ಮನೆ ಹಿತ್ತಲ ಜಗಲಿ ಮೇಲೆ ಕೂತಿರೋ ಸ್ಕ್ರೋಲ್ ಸಾ ನೋಡ್ದೋರೆಲ್ಲ ಮೊದ್ಲು ಅನ್ನೋದೇ "ಇದೇನೇ, ಹೊಲಿಯೋ ಮೆಷಿನ್ ಇದ್ದಂಗಿದೆಯಲ್ಲ" ಅಂತ. ಹೌದು ಮತ್ತೆ. ಸೂಜಿ ಜಾಗದಲ್ಲಿ ಗೇಣುದ್ದ ಇಲ್ಲದ ಸಣ್ಣ ಬ್ಲೇಡು, ಬಟ್ಟೆ ಜಾಗದಲ್ಲಿ ತೆಳು ಹಲಗೆ. ಬ್ಲೇಡು ಮೇಲೆ ಕೆಳಗೆ ಆಡ್ತಾ ಇರುತ್ತೆ, ನಾವು ಗೆರೆ ನೋಡ್ಕೊಂಡು ಹಲಗೇನ ತಿರುಗಿಸ್ತಾ ಹೋಗೋದು.

ನಂದು ಹೊಸದಲ್ಲ. ತರೀಕೆರೇಲಿ ಬಡಗಿಯೊಬ್ಬರು ವಯಸ್ಸಾಯ್ತು ಅಂತ ಅಂಗಡಿ ಮುಚ್ಚಿ ಸಾಮಾನು ಮಾರ್ತಿದ್ದಾಗ ತಂದಿದ್ದು. ಕಡೂರಿಗೆ ಬರೋ ಬಸ್ಸಲ್ಲಿ ಗೋಣಿಚೀಲ ಸುತ್ತಿ ಸೀಟ್ ಕೆಳಗೆ ಇಟ್ಕೊಂಡು ಬಂದೆ, ಅಕ್ಕಿ ತರೋ ಹಾಗೆ.

ಈ ಸಣ್ಣ ಗರಗಸದ ವಂಶ ದೊಡ್ಡದು. ಫ್ರಾನ್ಸಲ್ಲಿ ಹದಿನಾಲ್ಕನೇ ಲೂಯಿ ದೊರೆ ಕಾಲದಲ್ಲಿ ಆಂದ್ರೆ ಶಾರ್ಲ್ ಬೂಲ್ (1642–1732) ಅನ್ನೋ ಕುಶಲಕರ್ಮಿ ಇದ್ದ. ಆಮೆ ಚಿಪ್ಪು, ಹಿತ್ತಾಳೆ ತಗಡು ಒಂದರ ಮೇಲೊಂದಿಟ್ಟು ಒಟ್ಟಿಗೇ ಕೊಯ್ದು, ಇದರ ತುಂಡು ಅದರೊಳಗೆ, ಅದರ ತುಂಡು ಇದರೊಳಗೆ ಕೂರಿಸ್ತಿದ್ದ. ನಾವು ಎರಡು ರವಿಕೆ ಬಟ್ಟೆ ಜೋಡಿಸಿಟ್ಟು ಒಂದೇ ಸಲ ಕತ್ತರಿಸ್ತೀವಲ್ಲ, ಅದೇ ಲೆಕ್ಕ. ಇಂಥ ಗರಗಸಕ್ಕೆ ಇಂಗ್ಲಿಷರು ಅವನ ಹೆಸರೇ ಇಟ್ಟು ಬೂಲ್ ಸಾ ಅಂದ್ರು. ಮಕ್ಕಳಾಡೋ ಜಿಗ್‌ಸಾ ಪಜಲ್ ಕೂಡ ಈ ಮನೇದೇ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಭೂಪಟಾನ ಹಲಗೆಗೆ ಅಂಟಿಸಿ ದೇಶ ದೇಶ ಬೇರೆ ಮಾಡಿ ಕೊಯ್ದ, ಮಕ್ಕಳಿಗೆ ಭೂಗೋಳ ಕಲಿಸೋಕೆ.

ಅಲ್ಲೀತನಕ ಇದೆಲ್ಲ ಕೈಲೇ ಆಗ್ತಿದ್ದ ಕೆಲಸ. 1851ರಲ್ಲಿ ಐಸಾಕ್ ಸಿಂಗರ್ ಹೊಲಿಗೆ ಮೆಷಿನ್ನಿಗೆ ಪೇಟೆಂಟ್ ತಗೊಂಡ ಮೇಲೆ ಕಾಲಲ್ಲಿ ತುಳಿಯೋ ಮೆಷಿನ್ನು ಮನೆ ಮನೆಗೆ ಬಂತು. ಅದೇ ತುಳಿತ, ಅದೇ ಗಾಲಿ, ಅದೇ ಪಟ್ಟಿ ಇಟ್ಕೊಂಡು ಅಮೆರಿಕದಲ್ಲಿ ಗರಗಸಾನೂ ಮಾಡಿದ್ರು. 1870ರ ದಶಕದಲ್ಲಿ ಅದು ಮನೆಮಂದಿಯ ಹವ್ಯಾಸ ಆಗೋಯ್ತು. ಇಂಗ್ಲೆಂಡಿನಲ್ಲಿ 1895ರಿಂದ ಹಾಬೀಸ್ ಅನ್ನೋ ವಾರಪತ್ರಿಕೆ ಈ ಕೆಲಸದ ನಮೂನೆ ಹಂಚ್ತಿತ್ತು, ನಮ್ಮ ವಾರಪತ್ರಿಕೆಗಳಲ್ಲಿ ಕಸೂತಿ ನಮೂನೆ ಬರ್ತಿತ್ತಲ್ಲ, ಹಂಗೆ. ಆದ್ರೆ ಹವ್ಯಾಸ ಅನ್ನೋದು ಯಾವಾಗ್ಲೂ ಹವ್ಯಾಸವಾಗೇ ಉಳೀಲಿಲ್ಲ. 1930ರ ಸುಮಾರಿಗೆ ಅಲ್ಲಿ ಕೆಲಸ ಕಳ್ಕೊಂಡೋರು ಮನೇಲೇ ಪಜಲ್ ಕೊಯ್ದು ಮಾರಿ ಹೊಟ್ಟೆ ಹೊರೆದ್ರು.

ನಮ್ಮ ಸೀಮೇಲಿ ಈ ಗರಗಸ ಹೊಟ್ಟೆಪಾಡಿಗೇ ಇರೋದು, ಮೈಸೂರಲ್ಲಿ. ಬೀಟೆಮರದ ಹಲಗೇಲಿ ಆನೆ, ದಸರಾ ಮೆರವಣಿಗೆ ಕೂರಿಸಿರೋ ಪಟಗಳನ್ನ ನೀವೆಲ್ಲ ನೋಡಿರ್ತೀರಿ. ಅದಕ್ಕೆ ಇನ್‌ಲೇ ಕೆಲಸ ಅಂತಾರೆ. ಚಿತ್ರ ಬರೆದ ಕಾಗದ ಅಂಟಿಸಿ ಹಲಸು ಗಿಲಸಿನ ತೆಳು ಹಲಗೇನ ತುಂಡು ತುಂಡಾಗಿ ಸಣ್ಣ ಗರಗಸದಲ್ಲಿ ಕೊಯ್ದು, ಬೀಟೆಯಲ್ಲಿ ಅಷ್ಟೇ ಗುಳಿ ತೋಡಿ, ಗೋಂದು ಹಾಕಿ ಕೂರಿಸಿ ಉಜ್ಜೋದು. ಹಳದಿಗೆ ಹಲಸು, ಹೀಗೆ ಬಣ್ಣಾನೂ ಆದಷ್ಟು ಮರದ್ದೇ. 1897ರಲ್ಲಿ ಮರದ ಅರಮನೆ ಸುಟ್ಟು, 1912ಕ್ಕೆ ಈಗಿನ ಅರಮನೆ ಮುಗೀತಲ್ಲ, ಅದರ ಅಂಬಾವಿಲಾಸದ ಬೀಟೆ ಬಾಗಿಲಲ್ಲಿ ಕೂರಿಸಿರೋದು ಆನೆ ದಂತ. 1972ರ ವನ್ಯಜೀವಿ ಕಾಯ್ದೆ, ಅದರ ಮೇಲೆ 1986, 1991ರ ತಿದ್ದುಪಡಿ ಬಂದು ದಂತದ ವ್ಯಾಪಾರ ನಿಂತಿತು. ಈಗ ಬಿಳಿ ಜಾಗಕ್ಕೆ ಪ್ಲಾಸ್ಟಿಕ್. ನನ್ನ ಕೇಳಿದ್ರೆ ಒಳ್ಳೇದೇ ಆಯ್ತು, ಆನೆ ಪಟಕ್ಕೆ ಆನೆ ಸಾಯ್ಬೇಕಾ?

ಮರದ ಕಥೆ ನಮ್ಮ ಕಡೇದೂ ಇದೆ. 1899ರಲ್ಲಿ ಬೀರೂರು–ಶಿವಮೊಗ್ಗ ರೈಲು ತರೀಕೆರೆ ಮೇಲೆ ಹೋಯ್ತು. ಆಮೇಲೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಪುಟ್ಟ ರೈಲೂ ಇತ್ತು. 1923ರಲ್ಲಿ ಶುರುವಾದ ಭದ್ರಾವತಿ ಕಬ್ಬಿಣದ ಕಾರ್ಖಾನೆ ಮೊದಲು ಓಡಿದ್ದೇ ಸೌದೆ ಇದ್ದಿಲಲ್ಲಿ. ಅದಿರು ನಮ್ಮ ಕೆಮ್ಮಣ್ಣುಗುಂಡಿದು, ಇದ್ದಿಲಿನ ಮರ ಸುತ್ತಲ ಕಾಡಿಂದು. ಅಷ್ಟು ಮರ ಬೂದಿಯಾಗಿರೋ ಸೀಮೇಲಿ ಕೂತು ನಾನು ಬೀಟೆ ಬೇಕು ಅನ್ನಲ್ಲ. ಬಡಗಿಗಳು ಬಿಸಾಕೋ ಸಿಲ್ವರ್ ಓಕ್ ಚೂರು, ಪ್ಲೈವುಡ್ ತುಂಡು, ಅಷ್ಟೇ ಸಾಕು. ಬೀಟೆ ಪುಡಿ ಮೂಗಿಗೂ ಚರ್ಮಕ್ಕೂ ಆಗ್ಬರಲ್ಲ. ಯಾವ ಮರ ಆದ್ರೂ ಮಾಸ್ಕ್ ಹಾಕ್ಕೊಳ್ಳಿ.

ಹಳೇದು ಕೊಳ್ಳೋರಿಗೆ ಒಂದೆರಡು ಮಾತು. ಓಡ್ಸಿ ನೋಡ್ದೆ ದುಡ್ಡು ಕೊಡ್ಬೇಡಿ. ಮೇಜಿನ ಮೇಲೆ ನಾಣ್ಯ ನಿಲ್ಲಿಸಿ ಓಡ್ಸಿ, ಬಿದ್ದು ಉರುಳಿದ್ರೆ ನಡುಕ ಜಾಸ್ತಿ ಅಂತ ಲೆಕ್ಕ. ಬ್ಲೇಡು ಹಿಡಿಯೋ ತಿರುಪು ಸವೆದಿದೆಯಾ ನೋಡಿ. ತುದೀಲಿ ಪಿನ್ ಇರೋ ಬ್ಲೇಡು ಮಾತ್ರ ಹಿಡಿಯೋದಾದ್ರೆ ಸಣ್ಣ ತೂತಿನ ಕುಸುರಿ ಆಗಲ್ಲ, ಪಿನ್ ತೂರೋಕೇ ದೊಡ್ಡ ತೂತು ಬೇಕು. ಬ್ಲೇಡು ಹಾಕುವಾಗ ಹಲ್ಲು ಕೆಳಮುಖ. ನಡುವಿನ ಚಿತ್ತಾರ ತೆಗೆಯೋಕೆ ಮೊದ್ಲು ಡ್ರಿಲ್ಲಲ್ಲಿ ತೂತು ಕೊರೆದು, ಬ್ಲೇಡು ಒಳಗೆ ತೂರಿಸಿ ಮತ್ತೆ ಬಿಗೀಬೇಕು. ಹಲಗೇನ ಒತ್ತಬೇಡಿ. ಒತ್ತಿದ್ರೆ ಬ್ಲೇಡು ಟಪ್ ಅಂತ ಹೋಗುತ್ತೆ. ಹೊಲಿಗೆ ಬರೋ ಕೈಗೆ ಇದನ್ನ ಹೇಳ್ಕೊಡೋದೇ ಬೇಡ.

ಎಲ್ಲಾರೂ ಕೇಳೋದು ಒಂದೇ. ಮಾರ್ತೀಯಾ? ಎಷ್ಟು ಸಿಗುತ್ತೆ? ಅಜ್ಜಂಪುರದ ಚಿಕ್ಕಮ್ಮ ಹೊಲಿಗೆ ಮೆಷಿನ್ ತುಳಿದೇ ಮೂರು ಮಕ್ಕಳನ್ನ ಓದಿಸಿದ್ರು. ಅವರ ಮುಂದೆ "ಸುಮ್ನೆ ಕೊಯ್ತೀನಿ, ಖುಷಿಗೆ" ಅನ್ನೋಕೆ ನಂಗೆ ನಾಲಿಗೆ ಏಳ್ಲಿಲ್ಲ. ಅವರೇ ಒಂದಿನ ಬಂದು, ಕನ್ನಡಕ ಏರಿಸ್ಕೊಂಡು, ಕೂತು ಒಂದು ಎಲೆ ಕೊಯ್ದ್ರು. ನಂಗಿಂತ ನೀಟಾಗಿ. ಎದ್ದವರು "ಇದಕ್ಕೆ ಅಳತೆ ಕೊಟ್ಟೋರು ಯಾರೂ ಇಲ್ಲ, ನಾಳೆಗೇ ಬೇಕು ಅನ್ನೋರೂ ಇಲ್ಲ, ಅಲ್ವೇನೇ" ಅಂದ್ರು. ಆಮೇಲೆ ಇನ್ನೊಂದು ಹಲಗೆ ಕೇಳಿ ತಗೊಂಡ್ರು. ಈಗ ತಿಂಗಳಿಗೊಂದು ಶನಿವಾರ ಬರ್ತಾರೆ, ಮಧ್ಯಾಹ್ನದ ರೈಲಿಗೆ. ಕೈಚೀಲದಲ್ಲಿ ಅವರದೇ ಕಾರ್ಬನ್ ಪೇಪರ್ರು, ಹಳೇ ರಂಗೋಲಿ ಪುಸ್ತಕ. ಚುಕ್ಕಿ ರಂಗೋಲಿ ಕೊಯ್ಯೋಕೆ ಬರಲ್ಲ, ಗೆರೆ ಗೆರೆ ಸೇರಿ ನಡುವಿನ ತುಂಡೆಲ್ಲ ಉದುರೋಗುತ್ತೆ ಅಂದೆ. ಅಲ್ಲಲ್ಲಿ ಒಂದೊಂದು ಸೇತುವೆ ಬಿಡು ಅಂತ ಪೆನ್ಸಿಲ್ಲಲ್ಲಿ ಅವರೇ ಗುರುತು ಹಾಕ್ತಾ ಕೂತಿದ್ದಾರೆ.